ಹದಿಮೂರು ಎಲೆ, ಮೂವತ್ತೆಂಟು ಮಾತು

ಮುಂಬಯಿಯ ಜೋಗೇಶ್ವರಿಯಲ್ಲಿ ಬ್ರಿಜ್ ಕಲಿಯಲು ಕೂರುವ ನಮ್ಮವರಲ್ಲಿ ಹೆಚ್ಚಿನವರು ಊರಲ್ಲಿ ಇಪ್ಪತ್ತೆಂಟು ಆಡಿ ಪಳಗಿದವರು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಎಂಬ ಲೆಕ್ಕ ಕುಂದಾಪುರ, ಕಾಸರಗೋಡಿನ ಕಡೆಯವರಿಗೆ ಬಾಯಿಪಾಠ. ಇಲ್ಲೇ ಹುಟ್ಟಿ ಬೆಳೆದವರಾದರೆ ಮರಾಠಿ ಗೆಳೆಯರೊಂದಿಗೆ ತೀನ್‌ಶೇ ಚಾರ್ ಆಡಿರುತ್ತಾರೆ. ಎದುರಿಗೆ ಕೂತವನು ಜೊತೆಗಾರ, ಬಿಡ್ ಏರಿಸಿದವನಿಗೆ ತುರುಫು, ಹೇಳಿದಷ್ಟು ಆಗದಿದ್ದರೆ ದಂಡ: ಇದಿಷ್ಟನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆ ಆಡುವುದರಲ್ಲಂತೂ ಪುಸ್ತಕ ಓದಿ ಬಂದವರಿಗಿಂತ ಇವರೇ ಚುರುಕು. ತೊಡಕು ಶುರುವಾಗುವುದು ಬಿಡ್ಡಿಂಗಿನಲ್ಲಿ. ಮೊದಲ ವಾರ ಕಳೆಯುವ ಮುಂಚೆಯೇ ಪ್ರಶ್ನೆ ಬರುತ್ತದೆ: "ಮಾರಾಯ್ರೆ, ಇದರಲ್ಲಿ ಯಾವ ಸಿಸ್ಟಂ ಕಲಿಯುವುದು? ಒಬ್ಬರು ಆ್ಯಕಾಲ್ ಅಂತಾರೆ, ಇನ್ನೊಬ್ಬರು ಪ್ರಿಸಿಷನ್ ಅಂತಾರೆ."

ಇಪ್ಪತ್ತೆಂಟರಲ್ಲಿ ಬಿಡ್ ಎಂದರೆ ಬೆಲೆ ಅಷ್ಟೆ. ಹದಿನೇಳು ಎಂದರೆ ಹದಿನೇಳು ಅಂಕ ಮಾಡುತ್ತೇನೆ ಎಂದರ್ಥ, ಬೇರೆ ಗುಟ್ಟಿಲ್ಲ. ಎರಡು ಕಟ್ಟು ಎಲೆ ಹಿಡಿದು ಆರು ಜನ ಆಡುವ ಐವತ್ತಾರರಲ್ಲಿ ಮಾತ್ರ ಕತೆ ಬೇರೆ. ಅಲ್ಲಿ ಹೇಳುವ ಸಂಖ್ಯೆಯ ಜೊತೆಗೆ ಅದನ್ನು ಹೇಳುವ ರೀತಿಯೂ ಜೊತೆಗಾರರಿಗೆ ಸುಳಿವು. ಬ್ರಿಜ್ ಈ ಎರಡನೆಯ ಜಾತಿಗೆ ಸೇರಿದ್ದು, ಆದರೆ ಅದನ್ನು ಕೊನೆಯ ತುದಿಗೆ ಒಯ್ದದ್ದು. 52 ಎಲೆಗಳಿಂದ 13 ಎಲೆಯ ಕೈ 63,501 ಕೋಟಿಗೂ ಹೆಚ್ಚು ಬಗೆಯಲ್ಲಿ ಬರಬಹುದು. ಅದನ್ನು ಜೊತೆಗಾರನಿಗೆ ವಿವರಿಸಲು ಇರುವ ಮಾತುಗಳು ಮೂವತ್ತೆಂಟೇ. ನಾಲ್ಕು ಬಣ್ಣ ಮತ್ತು ನೋ ಟ್ರಂಪ್, ಪ್ರತಿಯೊಂದಕ್ಕೂ ಏಳು ಮೆಟ್ಟಿಲು, ಒಟ್ಟು 35. ಅದರ ಮೇಲೆ ಪಾಸ್, ಡಬಲ್, ರೀಡಬಲ್. ಒಮ್ಮೆ ಮೇಲಿನ ಮೆಟ್ಟಿಲು ಹತ್ತಿದರೆ ಕೆಳಗಿನ ಮಾತು ಮತ್ತೆ ಸಿಗದು. ಎದುರಾಳಿಗಳೂ ನಡುವೆ ಬಾಯಿ ಹಾಕುತ್ತಾರೆ. ನೂರು ವರ್ಷಗಳಲ್ಲಿ ಬಂದ ಸಿಸ್ಟಂಗಳೆಲ್ಲ ಈ ಇಕ್ಕಟ್ಟಿನಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು ಎಂಬುದಕ್ಕೆ ಹುಡುಕಿಕೊಂಡ ಉತ್ತರಗಳು.

ಈ ಚರಿತ್ರೆಯ ಮೊದಲ ಪುಟಗಳು ನಮ್ಮ ನೆಲದಲ್ಲೇ ಬರೆಯಲ್ಪಟ್ಟವು. ವಿಸ್ಟ್ ಆಟದಿಂದ ಬ್ರಿಜ್, ಬ್ರಿಜ್‌ನಿಂದ ಆಕ್ಷನ್ ಬ್ರಿಜ್ ಬೆಳೆದ ಕಾಲದಲ್ಲಿ ಗಿರಿಧಾಮಗಳಲ್ಲಿ ನಾಲ್ಕನೆಯ ಕೈ ಸಿಗದೆ ಬೇಸತ್ತ ಬ್ರಿಟಿಷ್ ಅಧಿಕಾರಿಗಳು ಹರಾಜಿನ ಆಟವನ್ನು ಹುಟ್ಟುಹಾಕಿದರೆನ್ನುತ್ತಾರೆ. 'ಜಾನ್ ಡೋ' ಎಂಬ ಸುಳ್ಳು ಹೆಸರಿನಲ್ಲಿ ಒಬ್ಬ ಐಸಿಎಸ್ ಅಧಿಕಾರಿ ಬರೆದ ಆಕ್ಷನ್ ಬ್ರಿಜ್ ಪುಸ್ತಕ ಅಲಹಾಬಾದಿನಲ್ಲಿ 1904ರಲ್ಲಿ ಅಚ್ಚಾಯಿತು. ನಮಗೆ ಇನ್ನೂ ಹತ್ತಿರದ್ದು ಪುಣೆಯ ಕತೆ. 1912ರಲ್ಲಿ ಅಲ್ಲಿ ಹ್ಯೂ ಕ್ಲೇಟನ್ ಮತ್ತು ಸಂಗಡಿಗರು ಎಸ್.ಎ.ಸಿ.ಸಿ. ಎಂಬ ಹೆಸರಿನ ಆಟ ಕಟ್ಟಿದರು. ಹರಾಜಿನಲ್ಲಿ ಹೇಳಿದಷ್ಟಕ್ಕೆ ಮಾತ್ರ ಗೇಮಿನ ಅಂಕ, ಹೇಳದೆ ಗೆದ್ದದ್ದು ಲೆಕ್ಕಕ್ಕಿಲ್ಲ ಎಂಬುದು ಅದರ ನಿಯಮ. 1914ರಲ್ಲಿ ಟೈಮ್ಸ್ ಆಫ್ ಇಂಡಿಯಾ ಅದರ ವಿವರ ಪ್ರಕಟಿಸಿತ್ತು. ಇವತ್ತು ಜಗತ್ತು ಆಡುವ ಕಾಂಟ್ರ್ಯಾಕ್ಟ್ ಬ್ರಿಜ್‌ನ ತಿರುಳು ಅದೇ. ಆದರೆ ಕೀರ್ತಿ ಹೋದದ್ದು ಅಮೆರಿಕದ ರೈಲ್ವೆ ಕುಬೇರರ ಮನೆತನದ ಹ್ಯಾರೊಲ್ಡ್ ವಾಂಡರ್‌ಬಿಲ್ಟ್‌ಗೆ. 1925ರ ಅಕ್ಟೋಬರ್ ಕೊನೆಗೆ ಲಾಸ್ ಏಂಜಲೀಸಿನಿಂದ ಪನಾಮಾ ಕಾಲುವೆ ದಾಟಿ ಹವಾನಾಗೆ ಹೊರಟ ಫಿನ್‌ಲ್ಯಾಂಡ್ ಎಂಬ ಹಡಗಿನಲ್ಲಿ ಆತ ಹೊಸ ಅಂಕಪಟ್ಟಿ ಸಿದ್ಧಪಡಿಸಿ ಗೆಳೆಯರ ಮೇಲೆ ಪ್ರಯೋಗಿಸಿದ. ಪುಣೆಯವರ ಬಳಿ ಆಟವಿತ್ತು, ವಾಂಡರ್‌ಬಿಲ್ಟ್ ಬಳಿ ಅಂಕಪಟ್ಟಿ ಇತ್ತು. ಗೆದ್ದದ್ದು ಅಂಕಪಟ್ಟಿ.

ಅದೇಕೆ ಅಷ್ಟು ಮುಖ್ಯ? ಆಕ್ಷನ್ ಬ್ರಿಜ್‌ನಲ್ಲಿ 2 ಆಟೀನ್ ಹೇಳಿ ಹತ್ತು ಟ್ರಿಕ್ ಗೆದ್ದರೂ ಗೇಮ್ ಸಿಗುತ್ತಿತ್ತು. ಆದ್ದರಿಂದ ಅಗ್ಗವಾಗಿ ಹರಾಜು ಮುಗಿಸುವುದೇ ಜಾಣತನ. ಕಾಂಟ್ರ್ಯಾಕ್ಟ್‌ನಲ್ಲಿ ಹತ್ತು ಟ್ರಿಕ್ ಬರುತ್ತದೆಂದು ಮೊದಲೇ ಗೊತ್ತಾಗಬೇಕು, 4 ಆಟೀನ್ ಎಂದು, ಅಂದರೆ ಆರರ ಮೇಲೆ ನಾಲ್ಕು ಟ್ರಿಕ್ ಎಂದು, ಹೇಳಿಯೇ ಇರಬೇಕು. ಇವತ್ತಿನ ಡೂಪ್ಲಿಕೇಟ್ ಲೆಕ್ಕದಲ್ಲಿ ಗೇಮ್ ತಲುಪದ ಕಾಂಟ್ರ್ಯಾಕ್ಟಿಗೆ ಬೋನಸ್ 50, ಗೇಮಿಗೆ 300 ಅಥವಾ 500, ಹನ್ನೆರಡು ಟ್ರಿಕ್‌ಗಳ ಸ್ಲ್ಯಾಮಿಗೆ ಅದರ ಮೇಲೆ ಇನ್ನೂ 500 ಅಥವಾ 750. ಹೇಳದೆ ಬಿಟ್ಟರೆ ನಷ್ಟ, ಹೇಳಿ ಸೋತರೂ ನಷ್ಟ. ಇಬ್ಬರೂ ತಮ್ಮ ತಮ್ಮ ಕೈಯನ್ನು ಪರಸ್ಪರ ತಿಳಿಸಿಕೊಳ್ಳಲೇಬೇಕಾದ ಒತ್ತಡ ಹೀಗೆ ಹುಟ್ಟಿತು. ವಾಂಡರ್‌ಬಿಲ್ಟ್ ಅದಕ್ಕೊಂದು ಉಪಾಯವನ್ನೂ ಕೊಟ್ಟ. 1 ಕಳಾವರ್ ಎಂದರೆ ಕಳಾವರ್ ಇದೆ ಎಂದಲ್ಲ, ಕೈ ಬಲವಾಗಿದೆ ಎಂದು. ಕೈ ಬಡವಾದರೆ ಜೊತೆಗಾರ 1 ಡೈಮನ್ ಎನ್ನಬೇಕು. 1929ರ ಅವನ ಪುಸ್ತಕದಲ್ಲಿ ಇದು ಬಂತು. ಜನ ಓದಿದರು, ಮೆಚ್ಚಿದರು, ಬದಿಗಿಟ್ಟರು.

ಬದಿಗಿಡಲು ಕಾರಣ ಎಲಿ ಕಲ್ಬರ್ಟ್‌ಸನ್. ಆಟದಷ್ಟೇ ಪ್ರಚಾರದಲ್ಲೂ ಪಂಟರ್. ಹೇಳಿದ ಬಣ್ಣ ಕೈಯಲ್ಲಿರಬೇಕು, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಎಂಬ ಸಹಜ ಪದ್ಧತಿ ಅವನದು. 1930ರ 'ಬ್ಲೂ ಬುಕ್' ಅದನ್ನು ಮನೆಮನೆಗೆ ಮುಟ್ಟಿಸಿತು. ಬೇರೆ ಪಂಡಿತರೆಲ್ಲ ಒಟ್ಟುಗೂಡಿ 'ಅಫಿಷಿಯಲ್ ಸಿಸ್ಟಂ' ಎಂದು ತಮ್ಮದನ್ನು ತಂದಾಗ ಕಲ್ಬರ್ಟ್‌ಸನ್ ಸವಾಲು ಹಾಕಿದ. 1931ರ ಡಿಸೆಂಬರ್‌ನಿಂದ ಮುಂದಿನ ಜನವರಿವರೆಗೆ ನ್ಯೂಯಾರ್ಕಿನ ಹೋಟೆಲುಗಳಲ್ಲಿ ಆ ಗುಂಪಿನ ಸಿಡ್ನಿ ಲೆಂಜ್ ವಿರುದ್ಧ 150 ರಬ್ಬರ್ ಆಟ, ಪತ್ರಿಕೆಗಳ ಮುಖಪುಟದಲ್ಲಿ ದಿನದಿನದ ವರದಿ. ಕಲ್ಬರ್ಟ್‌ಸನ್ 8,980 ಅಂಕದಿಂದ ಗೆದ್ದ. 150 ರಬ್ಬರಿನಲ್ಲಿ ಇಷ್ಟು ಅಂತರವನ್ನು ಎಲೆಯ ಅದೃಷ್ಟವೂ ತರಬಲ್ಲದು. ಆ ಪಂದ್ಯ ಯಾವ ಸಿಸ್ಟಮನ್ನೂ ಸಾಬೀತುಪಡಿಸಲಿಲ್ಲ ಎಂದೇ ನನ್ನ ಎಣಿಕೆ. ಪುಸ್ತಕಗಳು ಮಾತ್ರ ಬಿಸಿಬಿಸಿಯಾಗಿ ಖರ್ಚಾದವು.

ಕಲ್ಬರ್ಟ್‌ಸನ್ ಕಾಲದಲ್ಲಿ ಕೈಯ ಬಲವನ್ನು 'ಆನರ್ ಟ್ರಿಕ್' ಎಂಬ ಅರ್ಧ, ಒಂದು, ಒಂದೂವರೆಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಅದನ್ನು ಸರಳ ಮಾಡಿದವನು ಚಾರ್ಲ್ಸ್ ಗೋರೆನ್. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಈ ಎಣಿಕೆ ಮೊದಲೇ ಇತ್ತು, ಮಿಲ್ಟನ್ ವರ್ಕ್ ಅದನ್ನು ಬಳಕೆಗೆ ತಂದಿದ್ದ. ಟೊರಾಂಟೋದ ವಿಮಾ ಗಣಿತಜ್ಞ ವಿಲಿಯಂ ಆ್ಯಂಡರ್ಸನ್ ನೆರವಿನಿಂದ ಗೋರೆನ್ ಅದಕ್ಕೆ ಬಣ್ಣ ಖಾಲಿ ಇದ್ದರೆ 3, ಒಂದೇ ಎಲೆಯಿದ್ದರೆ 2, ಎರಡಿದ್ದರೆ 1 ಎಂದು ಸೇರಿಸಿ 1949ರಲ್ಲಿ ಪುಸ್ತಕ ಮಾಡಿದ. ಇಬ್ಬರಲ್ಲೂ ಸೇರಿ ಸುಮಾರು 25 ಅಂಕವಿದ್ದರೆ ಗೇಮ್ ಹೇಳು. ಇಪ್ಪತ್ತೆಂಟಿನವರಿಗೆ ಇದು ಕೂಡಲೇ ಒಗ್ಗುತ್ತದೆ. ಅಲ್ಲಿ ರಾಜ–ರಾಣಿಗೆ ಸೊನ್ನೆ, ಇಲ್ಲಿ ಅವರಿಗೆ ಮರ್ಯಾದೆ ಎಂಬುದಷ್ಟೇ ಹೊಸದು. ಫೋರ್ಟಿನ ಫುಟ್‌ಪಾತ್ ಪುಸ್ತಕದ ರಾಶಿಗಳಲ್ಲಿ ಗೋರೆನ್ ಸಿಗದ ಕಾಲವಿರಲಿಲ್ಲ. ಮುಂಬಯಿಯ ಆಫೀಸುಗಳ ಊಟದ ವಿರಾಮದಲ್ಲಿ ಆಡಿ ಕಲಿತ ಒಂದು ತಲೆಮಾರಿಗೆ ಬ್ರಿಜ್ ಎಂದರೆ ಗೋರೆನ್.

ಲಂಡನ್ನಿನಲ್ಲಿ ಬೇರೊಂದು ಗಾಳಿ. 1930ರ ದಶಕದಲ್ಲಿ ಹ್ಯಾಂಪ್‌ಸ್ಟೆಡ್ ಕಡೆಯ ಆ್ಯಕಾಲ್ ರಸ್ತೆಯ ಒಂದು ಕ್ಲಬ್ಬಿನಲ್ಲಿ ಜ್ಯಾಕ್ ಮಾರ್ಕ್ಸ್, ಎಸ್.ಜೆ. ಸೈಮನ್, ಹ್ಯಾರಿಸನ್-ಗ್ರೇ, ಮುಂದೆ ಬ್ರಿಟಿಷ್ ಮಂತ್ರಿಯಾದ ಇಯನ್ ಮೆಕ್ಲಾಯ್ಡ್ ಮುಂತಾದವರು ರೂಢಿಸಿಕೊಂಡದ್ದೇ ಆ್ಯಕಾಲ್. ನಾಲ್ಕೇ ಎಲೆಯ ಬಣ್ಣದಿಂದಲೂ ಹರಾಜು ತೆರೆಯಬಹುದು, 1 ನೋ ಟ್ರಂಪ್‌ಗೆ 12ರಿಂದ 14 ಅಂಕ ಸಾಕು, ಉಳಿದದ್ದು ಸಾಮಾನ್ಯ ಬುದ್ಧಿ. ನಾನು ಕೂತ ಮೇಜುಗಳಲ್ಲಿ ಆ್ಯಕಾಲ್ ಆಡುವ ಹಿರಿಯರು ಉಳಿದವರಿಗಿಂತ ಬೇಗ ಬಿಡ್ ಮಾಡುತ್ತಾರೆ, ಕಡಿಮೆ ಜಗಳ ಆಡುತ್ತಾರೆ. ನೆನಪಿಡಬೇಕಾದ್ದು ಕಡಿಮೆ ಇರುವುದೇ ಕಾರಣವಿರಬೇಕು.

ಇದೇ ಕಾಲದಿಂದ ಬಿಡಿ ಕನ್ವೆನ್ಷನ್‌ಗಳ ಸುಗ್ಗಿ. ಸಿಸ್ಟಂ ಇಡೀ ಆಟದ ಕಟ್ಟು, ಕನ್ವೆನ್ಷನ್ ಅದರೊಳಗೆ ಒಂದು ಬಿಡ್‌ಗೆ ಕೊಟ್ಟ ಕೃತಕ ಅರ್ಥ. ಈಸ್ಲಿ ಬ್ಲ್ಯಾಕ್‌ವುಡ್ ಎಂಬ ವಿಮಾ ಕಂಪನಿಯ ಅಧಿಕಾರಿ 1930ರ ದಶಕದಲ್ಲಿ 4 ನೋ ಟ್ರಂಪನ್ನು ಎಕ್ಕ ಎಷ್ಟಿವೆ ಎಂಬ ಪ್ರಶ್ನೆಯಾಗಿಸಿದ. 1 ನೋ ಟ್ರಂಪ್ ಮೇಲೆ 2 ಕಳಾವರ್ ಹೇಳಿ ಜೊತೆಗಾರನ ಬಳಿ ನಾಲ್ಕೆಲೆಯ ಇಸ್ಪೀಟು, ಆಟೀನ್ ಇದೆಯೇ ಎಂದು ಕೇಳುವುದನ್ನು ಲಂಡನ್ನಿನಲ್ಲಿ ಮಾರ್ಕ್ಸ್, ಅಮೆರಿಕದಲ್ಲಿ ಜಾರ್ಜ್ ರಾಪೇ ಬೇರೆ ಬೇರೆಯಾಗಿ ಕಂಡುಕೊಂಡರು. ರಾಪೇಯ ಜೊತೆಗಾರ ಸ್ಯಾಮ್ ಸ್ಟೇಮನ್ 1945ರಲ್ಲಿ ಲೇಖನ ಬರೆದದ್ದರಿಂದ ಹೆಸರು ಸ್ಟೇಮನ್ ಆಯಿತು. 1956ರಲ್ಲಿ ಆಸ್ವಾಲ್ಡ್ ಜೇಕಬಿ ಅಮೆರಿಕಕ್ಕೆ ಪರಿಚಯಿಸಿದ ಟ್ರಾನ್ಸ್‌ಫರ್ ಇನ್ನೂ ಚಂದ. ಆಟೀನ್ ಉದ್ದವಿದ್ದವನು 2 ಡೈಮನ್ ಹೇಳುತ್ತಾನೆ, ಬಲವಾದ ಕೈಯವನು 2 ಆಟೀನ್ ಹೇಳಿ ತಾನೇ ಆಡುತ್ತಾನೆ, ಅವನ ರಾಜ–ರಾಣಿಯರು ಎದುರಾಳಿಗೆ ಕಾಣದೆ ಉಳಿಯುತ್ತಾರೆ. 1957ರಲ್ಲಿ ಅಮೆರಿಕದ ರಾತ್ ಮತ್ತು ಸ್ಟೋನ್ ನೆಗೆಟಿವ್ ಡಬಲ್ ತಂದರು: ಎದುರಾಳಿ ನಡುವೆ ಬಣ್ಣ ಹೇಳಿದಾಗ ಜೊತೆಗಾರ ಹೇಳುವ ಡಬಲ್ ದಂಡಕ್ಕಲ್ಲ, ಹೇಳದ ಬಣ್ಣಗಳು ತನ್ನಲ್ಲಿವೆ ಎನ್ನಲು. ಆ ವರ್ಷ ರಷ್ಯನ್ನರು ಹಾರಿಸಿದ ಉಪಗ್ರಹದ ಹೆಸರಿನಿಂದ ಅದನ್ನು ಸ್ಪುಟ್ನಿಕ್ ಎಂದೂ ಕರೆದರು. ಈ ನಾಲ್ಕನ್ನು ಯಾವ ಸಿಸ್ಟಂನವರೂ ಬಿಟ್ಟಿಲ್ಲ. ಇವು ಉಳಿದುಬಂದದ್ದಕ್ಕೆ ಕಾರಣ ಸರಳ: ಬಿಟ್ಟುಕೊಡಬೇಕಾದ್ದು ಅಲ್ಪ, ಬೇಕಾಗುವ ಸಂದರ್ಭ ಪದೇ ಪದೇ. ಆಮೇಲೆ ಬಂದ ನೂರಾರು ಕನ್ವೆನ್ಷನ್‌ಗಳಲ್ಲಿ ಹೆಚ್ಚಿನವಕ್ಕೆ ಈ ಮಾತು ಸಲ್ಲದು.

ಈಗ ಒಂದು ಕೈ ನೋಡಿ. ಇಸ್ಪೀಟು ಎಕ್ಕ, ರಾಣಿ, 8, 5. ಆಟೀನ್ ರಾಜ, 7, 3. ಡೈಮನ್ ಎಕ್ಕ, 9, 4. ಕಳಾವರ್ ರಾಜ, 10, 6. ಒಟ್ಟು 16 ಅಂಕ. ಆ್ಯಕಾಲ್‌ನವನು 1 ಇಸ್ಪೀಟು ಹೇಳುತ್ತಾನೆ. ಅಮೆರಿಕನ್ ಸ್ಟ್ಯಾಂಡರ್ಡ್ ಆಡುವವನು 1 ನೋ ಟ್ರಂಪ್, ಏಕೆಂದರೆ ಅವನಲ್ಲಿ ಅದಕ್ಕೆ 15ರಿಂದ 17. ಪ್ರಿಸಿಷನ್‌ನವನು ವಾಂಡರ್‌ಬಿಲ್ಟ್‌ನ ಹಾಗೆ 1 ಕಳಾವರ್. ಎಲೆ ಒಂದೇ, ಜೊತೆಗಾರನಿಗೆ ತಲುಪುವ ಸುದ್ದಿ ಮೂರು ಬಗೆ. 1 ನೋ ಟ್ರಂಪ್ ಕೇಳಿದವನಿಗೆ ಮೂರು ಅಂಕದ ಅಂತರದೊಳಗೆ ಬಲವೂ ಗೊತ್ತು, ಎಲೆ ಹಂಚಿಕೆ ಸಮ ಎಂಬುದೂ ಗೊತ್ತು. ಇನ್ನು ಮುಂದೆ ನಾಯಕ ಅವನೇ. 1 ಇಸ್ಪೀಟು ಕೇಳಿದವನಿಗೆ ಒಂದು ಬಣ್ಣ ಗೊತ್ತಾಯಿತು, ಬಲ ಹನ್ನೆರಡೋ ಹತ್ತೊಂಬತ್ತೋ ತಿಳಿಯದು. 1 ಕಳಾವರ್ ಕೇಳಿದವನಿಗೆ 16 ಅಥವಾ ಮೇಲೆ ಎಂದು ತಿಳಿದಿದೆ, ಬಣ್ಣದ ಸುಳಿವೇ ಇಲ್ಲ. ಆದರೆ ಇನ್ನೂ ಮೊದಲ ಮೆಟ್ಟಿಲಲ್ಲೇ ನಿಂತಿದ್ದಾರೆ, ಎದುರಾಳಿ ಸುಮ್ಮನಿದ್ದರೆ ಸಾವಕಾಶವಾಗಿ ಎಲ್ಲವನ್ನೂ ಕೇಳಬಹುದು. ಎದುರಾಳಿ ಸುಮ್ಮನಿರುವುದಿಲ್ಲ. 1 ಕಳಾವರ್ ಕೇಳಿದ ಕೂಡಲೇ 3 ಆಟೀನ್ ಎಂದು ಎಗರಿ ದಾರಿ ಮುಚ್ಚುತ್ತಾನೆ. ಯಾವ ಸಿಸ್ಟಂ ಮೇಲು ಎಂಬ ಜಗಳ ಬಗೆಹರಿಯದೆ ಉಳಿದಿರುವುದು ಇಲ್ಲಿಯೇ.

ಬದಿಗಿಟ್ಟಿದ್ದ ಬಲವಾದ ಕಳಾವರ್‌ಗೆ ಮರುಹುಟ್ಟು ಕೊಟ್ಟವರು ಇಟಲಿಯವರು. ನೇಪಲ್ಸ್‌ನ ಕಿಯಾರಾದಿಯಾ ಕಟ್ಟಿದ ನಿಯಾಪಾಲಿಟನ್ ಕ್ಲಬ್ ಹಿಡಿದು ಫೋರ್ಕೆ, ಗರೋಜ್ಜೊ, ತಮ್ಮದೇ ರೋಮನ್ ಕ್ಲಬ್ ಹಿಡಿದು ಬೆಲ್ಲಡೋನಾ, ಅವರೆಲ್ಲಿ ಮುಂತಾದವರ 'ಬ್ಲೂ ಟೀಮ್' 1957ರಿಂದ 1969ರ ತನಕ ವಿಶ್ವ ಚಾಂಪಿಯನ್‌ಶಿಪ್ಪಾದ ಬರ್ಮುಡಾ ಬೌಲನ್ನು ಸತತ ಹತ್ತು ಸಲ ಗೆದ್ದಿತು. ಕೃತಕ ಬಿಡ್‌ಗಳೇ ಗೆಲುವಿನ ಗುಟ್ಟು ಎಂದು ಜಗತ್ತು ತೀರ್ಮಾನಿಸಿತು. ನನಗೆ ಹಾಗನ್ನಿಸುವುದಿಲ್ಲ. ಅವರ ನಾಯಕ ಪೆರು ಆಟಗಾರರಲ್ಲಿ ಶಿಸ್ತು ಬೇಡಿದ ಹಟವಾದಿ. ಅತ್ತ ಡಲ್ಲಾಸ್‌ನ ಉದ್ಯಮಿ ಐರಾ ಕಾರ್ನ್ 1968ರಲ್ಲಿ ಆಟಗಾರರಿಗೆ ಸಂಬಳ ಕೊಟ್ಟು 'ಏಸಸ್' ತಂಡ ಕಟ್ಟಿ, ಹಗಲಿಡೀ ಅಭ್ಯಾಸ ಮಾಡಿಸಿದ. ಆ ತಂಡದ ಜೋಡಿಗಳು ಬೇರೆ ಬೇರೆ ಸಿಸ್ಟಂ ಆಡುತ್ತಿದ್ದವು. 1970, 1971ರ ಬೌಲ್ ಎರಡೂ ಅವರಿಗೆ ಬಂದವು. ಎರಡು ತಂಡಗಳಿಗೂ ಸಮಾನವಾಗಿದ್ದದ್ದು ಸಿಸ್ಟಂ ಅಲ್ಲ, ಹೇಳಿಕೊಂಡದ್ದನ್ನು ಮರೆಯದಿರುವುದು.

ಈ ನಡುವೆ 1969ರಲ್ಲಿ ರಿಯೊ ಡಿ ಜನೈರೊದಲ್ಲಿ ಯಾರೂ ಲೆಕ್ಕಕ್ಕಿಡದ ತೈವಾನ್ ಬೌಲ್‌ನ ಫೈನಲ್‌ಗೆ ಬಂತು. ಶಾಂಘೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಹಡಗಿನ ವ್ಯಾಪಾರ ಮಾಡುತ್ತಿದ್ದ ಸಿ.ಸಿ. ವೇ ಅವರಿಗೆ ಕಲಿಸಿದ್ದ ಪ್ರಿಸಿಷನ್ ಆಗ ಮನೆಮಾತಾಯಿತು. 16ರ ಮೇಲಿನ ಕೈಗಳೆಲ್ಲ 1 ಕಳಾವರ್‌ಗೆ. ಅಂಥ ಕೈ ಬರುವುದು ಹತ್ತಕ್ಕೆ ಒಂದು. ಅದಕ್ಕಿಂತ ದೊಡ್ಡ ಲಾಭ ಉಳಿದ ಒಂಬತ್ತರಲ್ಲಿದೆ: ಬೇರೆ ಯಾವ ಬಣ್ಣದಿಂದ ತೆರೆದರೂ 11ರಿಂದ 15 ಎಂಬ ಮಿತಿ ಜೊತೆಗಾರನಿಗೆ ಗೊತ್ತಿರುತ್ತದೆ, ನಿಶ್ಚಿಂತೆಯಿಂದ ಪಾಸ್ ಹೇಳಬಹುದು. ತೆರಿಗೆ ಕಟ್ಟುವವರು ಡೈಮನ್‌ನವರು. ಎಲ್ಲೂ ಸೇರದ ಕೈಗಳೆಲ್ಲ 1 ಡೈಮನ್ ಎಂಬ ಮೂಲೆಗೆ ಬಂದು ಬೀಳುತ್ತವೆ. ಇಟಲಿಯವರೇ 1972ರ ಬ್ರಿಜ್ ಒಲಿಂಪಿಯಾಡ್‌ನಲ್ಲಿ ಪ್ರಿಸಿಷನ್ ಹಿಡಿದು ಗೆದ್ದರು.

ಎಪ್ಪತ್ತು–ಎಂಬತ್ತರ ದಶಕದಲ್ಲಿ ಪೋಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಕೆಲವರು ತಲೆಕೆಳಗಾಗಿ ಯೋಚಿಸಿದರು. ಅತಿ ಅಗ್ಗದ ಮಾತು ಪಾಸ್. ಹಾಗಾದರೆ ಒಳ್ಳೆಯ ಕೈ ಬಂದಾಗ ಪಾಸ್ ಹೇಳೋಣ. ಮೇಲಿನ 16 ಅಂಕದ ಕೈಗೂ ಪಾಸ್! ಏನೂ ಇಲ್ಲದವನು ಆಗ ಬಾಯಿ ಬಿಡಲೇಬೇಕು, ಉದಾಹರಣೆಗೆ 1 ಆಟೀನ್. ತರ್ಕ ಅಚ್ಚುಕಟ್ಟು, ಎದುರಾಳಿಗಳ ಗತಿ ದೇವರೇ ಬಲ್ಲ. ವಿಶ್ವ ಬ್ರಿಜ್ ಫೆಡರೇಷನ್ ಸಿಸ್ಟಂಗಳಿಗೆ ಹಸಿರು, ನೀಲಿ, ಕೆಂಪು, ಹಳದಿ ಎಂದು ಬಣ್ಣ ಹಚ್ಚಿ, ಇಂಥವನ್ನು ಹಳದಿಗೆ ಹಾಕಿ, ದೀರ್ಘ ಪಂದ್ಯಗಳ ಮೇಲಿನ ಹಂತಕ್ಕೆ ಸೀಮಿತಗೊಳಿಸಿತು. ಹೊಸ ಚಿಂತನೆಯನ್ನು ಕೊಂದರು ಎಂದು ಕೊರಗುವವರಿದ್ದಾರೆ. ಎರಡೆರಡು ಕೈ ಆಡಿ ಮೇಜು ಬದಲಿಸುವ ಪೇರ್ಸ್ ಆಟದಲ್ಲಿ ಎದುರಾಳಿಯ ಇಡೀ ಸಿಸ್ಟಮನ್ನು ಎರಡು ನಿಮಿಷದಲ್ಲಿ ಅರ್ಥಮಾಡಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ನಿರ್ಬಂಧ ಸರಿ ಎಂದೇ ನಾನು ಹೇಳುವೆ.

ಆ ಪ್ರಯೋಗದಿಂದ ಉಳಿದದ್ದು ಅಡ್ಡಗಾಲಿನ ಕಲೆ. ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್ 1960ರ ದಶಕದಲ್ಲಿ ಹೇಳಿದ 'ಒಟ್ಟು ಟ್ರಿಕ್‌ಗಳ ನಿಯಮ' ಅದಕ್ಕೆ ಅಳತೆಗೋಲು: ಇಬ್ಬರಲ್ಲಿ ಸೇರಿ ತುರುಫು ಒಂಬತ್ತಿದ್ದರೆ ಒಂಬತ್ತು ಟ್ರಿಕ್‌ವರೆಗೆ ಅಂಜದೆ ಏರು. ಲ್ಯಾರಿ ಕೊಹೆನ್ 1992ರಲ್ಲಿ ಇದನ್ನು ಜನಪ್ರಿಯ ಮಾಡಿದ. ಅಷ್ಟರೊಳಗೆ ಅಮೆರಿಕದಲ್ಲಿ ಮೇಜರ್ ಎನ್ನುವ ಇಸ್ಪೀಟು, ಆಟೀನ್‌ನಿಂದ ತೆರೆಯಲು ಐದೆಲೆ ಬೇಕೆಂಬುದು ರೂಢಿಯಾಗಿತ್ತು. ತೆರೆದವನಲ್ಲಿ ಐದಿದ್ದರೆ ಜೊತೆಗಾರನಲ್ಲಿ ಮೂರಿದ್ದರೂ ಎಂಟೆಲೆಯ ತುರುಫು ಖಚಿತ. ಅದರ ಮೇಲೆ ಎರಡನೆಯ ಮೆಟ್ಟಿಲಲ್ಲಿ ಹೊಸ ಬಣ್ಣ ಹೇಳಿದರೆ ಗೇಮ್ ತಲುಪುವವರೆಗೆ ಇಬ್ಬರೂ ನಿಲ್ಲುವಂತಿಲ್ಲ ಎಂಬ 'ಟು ಓವರ್ ಒನ್' ಇವತ್ತಿನ ಚಾಲ್ತಿ.

ನಮ್ಮವರ ಸಾಧನೆ ಈ ಹಾದಿಯಲ್ಲಿ ಕಡಿಮೆಯದಲ್ಲ. 1988ರಲ್ಲಿ ವೆನಿಸ್ ಒಲಿಂಪಿಯಾಡ್‌ನಲ್ಲಿ ಭಾರತ ಸೆಮಿಫೈನಲ್ ಮುಟ್ಟಿತು. ಮುಂಬಯಿಯ ಜಗ್ಗಿ ಶಿವದಾಸಾನಿ ಆ ತಂಡದಲ್ಲಿದ್ದರು. ಮೂವತ್ತು ವರ್ಷಗಳ ಮೇಲೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಮೊದಲ ಸಲ ಸೇರಿದಾಗಲೂ ಅವರು ಕಂಚು ಗೆದ್ದ ಪುರುಷರ ತಂಡದಲ್ಲಿದ್ದರು, ಹಾಂಗ್‌ಝೌನಲ್ಲಿ 2023ರಲ್ಲಿ ಬೆಳ್ಳಿ ತಂದ ತಂಡದಲ್ಲೂ ಇದ್ದರು. ಜಕಾರ್ತಾದ ಚಿನ್ನ ಪ್ರಣಬ್ ಬರ್ಧನ್, ಶಿಬನಾಥ್ ಡೇ ಸರ್ಕಾರ್ ಜೋಡಿಯದು. ಒಬ್ಬರಿಗೆ 60, ಇನ್ನೊಬ್ಬರಿಗೆ 56. ಅಂದಿನ ಪತ್ರಿಕೆಗಳು ವಯಸ್ಸನ್ನೇ ಹಿಡಿದು ಬರೆದವು. ವರ್ಷಗಟ್ಟಲೆ ಒಟ್ಟಿಗೆ ಕೂತು ಆಡಿದ ಜೋಡಿ ಎಂಬುದು ನನಗೆ ಹೆಚ್ಚು ಮುಖ್ಯ. ಇಸ್ಪೀಟು ಎಂದರೆ ಜೂಜು ಎಂದು ಮೂಗು ಮುರಿಯುವ ಮನೆಗಳಲ್ಲೂ ಆ ವಾರ ಬ್ರಿಜ್ ಬಗ್ಗೆ ಮಾತು ನಡೆಯಿತು.

ಮುಂಬಯಿಯಲ್ಲಿ ಆಟದ ಹಳೆಯ ಮನೆಗಳು ಜಿಮ್ಖಾನಾಗಳು, ಅವುಗಳಲ್ಲಿ ದೊಡ್ಡವು ದಕ್ಷಿಣದ ತುದಿಯಲ್ಲಿ. ಅಂಧೇರಿಗೂ ಗೋರೆಗಾಂವ್‌ಗೂ ನಡುವಿನ ಜೋಗೇಶ್ವರಿಯವನು ಕೆಲಸ ಮುಗಿಸಿ, ಸ್ಲೋ ಲೋಕಲ್ ಹಿಡಿದು, ಡೊಂಬಿವಲಿಯ ಪಾರ್ಟ್‌ನರ್ ಜೊತೆ ಎಲ್ಲಿ ಕೂತು ಅಭ್ಯಾಸ ಮಾಡುವುದು? ಮುಂಬಯಿಯಲ್ಲಿ ಸಿಸ್ಟಂನ ನಿಜವಾದ ಬೆಲೆ ಈ ಸಮಯವೇ. ಬ್ರಿಜ್ ಬೇಸ್ ಆನ್‌ಲೈನ್ ಬಂದ ಮೇಲೆ, ಅದರಲ್ಲೂ 2020ರ ಲಾಕ್‌ಡೌನಿನಲ್ಲಿ, ಆ ತಾಪತ್ರಯ ಅರ್ಧ ಕಳೆಯಿತು. ಕೈಗಳನ್ನು ಬೇಕಾದ ಹಾಗೆ ಹಂಚಿಸಿ ಬಿಡ್ಡಿಂಗ್ ಮಾತ್ರ ಅಭ್ಯಾಸ ಮಾಡುವ ಸೌಲಭ್ಯವೂ ಅದರಲ್ಲಿದೆ. ಮೇಜಿನ ಮೇಲಿನ ಬಿಡ್ಡಿಂಗ್ ಬಾಕ್ಸ್ ಇನ್ನೊಂದು ಉಪಕಾರ. ಸ್ವೀಡನ್ನಿನಿಂದ ಬಂದ ಈ ಚೀಟಿಪೆಟ್ಟಿಗೆ ದನಿಯ ಏರಿಳಿತದ ಸುಳಿವನ್ನು ಅಳಿಸಿತು. ಗುಜರಾತಿ, ಮರಾಠಿ, ತುಳು, ಕನ್ನಡ ಒಂದೇ ಮೇಜಲ್ಲಿ ಕೂತರೂ ಮೂವತ್ತೆಂಟು ಬಗೆಯ ಚೀಟಿ ಎಲ್ಲರಿಗೂ ಒಂದೇ.

ಹಾಗಾದರೆ ಯಾವುದು ಕಲಿಯುವುದು? ಹೊಸ ಜೋಡಿಗೆ ನಾನು ಹೇಳುವುದು ಐದೆಲೆಯ ಮೇಜರ್, 15–17 ನೋ ಟ್ರಂಪ್, ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್, ನೆಗೆಟಿವ್ ಡಬಲ್, ಅಷ್ಟೆ. ಇದು ಎಲ್ಲಕ್ಕಿಂತ ಉತ್ತಮ ಎಂದಲ್ಲ. ಯಾವ ಕ್ಲಬ್ಬಿಗೆ ಹೋದರೂ ಅಪರಿಚಿತ ಪಾರ್ಟ್‌ನರ್ ಜೊತೆ ಐದು ನಿಮಿಷದಲ್ಲಿ ಒಪ್ಪಂದ ಮಾಡಿಕೊಂಡು ಕೂರಬಹುದು ಎಂದು. ಒಬ್ಬನೇ ಪಾರ್ಟ್‌ನರ್ ಖಾಯಂ ಸಿಕ್ಕಿ, ವಾರಕ್ಕೆ ಎರಡು ಸಂಜೆ ಸಿಗುವುದಾದರೆ ಪ್ರಿಸಿಷನ್ ಕಲಿಯಲಿ. ಹೊಸ ಕನ್ವೆನ್ಷನ್ ಸೇರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದಿಲ್ಲದೆ ನಾವು ಸೋತ ಕೈಗಳು ನೆನಪಿಗೆ ಬರುತ್ತಿವೆಯೇ? ಇದನ್ನು ತಂದರೆ ಆ ಬಿಡ್‌ನ ಹಳೆಯ ಅರ್ಥ ಹೋಗುತ್ತದೆ, ಅದು ಬೇಡವೇ? ಎದುರಾಳಿ ನಡುವೆ ಬಾಯಿ ಹಾಕಿದರೆ ಅದು ಜಾರಿಯಲ್ಲಿರುತ್ತದೋ ಇಲ್ಲವೋ ಎಂಬುದನ್ನೂ ಅದೇ ದಿನ ತೀರ್ಮಾನಿಸಿ ಬರೆದಿಡಬೇಕು. ಕ್ಲಬ್ಬಿನ ಜಗಳಗಳಲ್ಲಿ ಬಹುಪಾಲು ಕನ್ವೆನ್ಷನ್ ಮರೆತದ್ದರಿಂದಲ್ಲ, "ಮಧ್ಯೆ ಡಬಲ್ ಬಂದರೂ ಇದೆಯಾ?" ಎಂಬ ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಉತ್ತರ ಹಿಡಿದು ಕೂತದ್ದರಿಂದ. ಇಪ್ಪತ್ತೆಂಟರಿಂದ ಬಂದವರು ಬಿಡಬೇಕಾದ ಅಭ್ಯಾಸವೂ ಒಂದಿದೆ: ಕೆಮ್ಮು, ಕಣ್ಸನ್ನೆ. ಮನೆಯ ಜಗಲಿಯಲ್ಲಿ ಅದು ತಮಾಷೆ, ಇಲ್ಲಿ ಮೋಸ. 1975ರ ಬರ್ಮುಡಾ ಬೌಲ್‌ನಲ್ಲಿ ಜೊತೆಗಾರರ ನಡುವೆ ಮೊದಲ ಸಲ ಪರದೆ ಕಟ್ಟಿದರೆ, ಮೇಜಿನ ಕೆಳಗೆ ಕಾಲಿನ ಸನ್ನೆಯ ಆರೋಪ ಬಂದು, ಮುಂದೆ ಪರದೆಯನ್ನು ನೆಲದವರೆಗೆ ಇಳಿಸಬೇಕಾಯಿತು. ಜೊತೆಗಾರನಿಗೆ ಗೊತ್ತಿರುವ ಪ್ರತಿ ಬಿಡ್‌ನ ಅರ್ಥವನ್ನು ಕೇಳಿ ತಿಳಿಯುವ ಹಕ್ಕು ಎದುರಾಳಿಗಿದೆ, ಗುಟ್ಟಿನ ಸಿಸ್ಟಂ ಎಂಬುದು ಬ್ರಿಜ್‌ನಲ್ಲಿ ಇಲ್ಲ.

ಕಂಪ್ಯೂಟರ್ ಬಂದು ಇದನ್ನೂ ಬಗೆಹರಿಸಬಹುದೆಂದು ಕಾಯುತ್ತಿರುವವರಿಗೆ 2022ರ ಮಾರ್ಚ್‌ನ ಪ್ಯಾರಿಸ್ ಪಂದ್ಯ ಸ್ವಾರಸ್ಯದ್ದು. ಫ್ರಾನ್ಸಿನ ನೂಕೈ ಕಂಪನಿಯ 'ನೂಕ್' ಎಂಬ ಪ್ರೋಗ್ರಾಂ ಎಂಟು ವಿಶ್ವ ಚಾಂಪಿಯನ್ನರನ್ನು ಎಲೆ ಆಡುವುದರಲ್ಲಿ ಸೋಲಿಸಿತು. ಎಲ್ಲ ಕೈಗಳಿಗೂ ಕಾಂಟ್ರ್ಯಾಕ್ಟ್ ಮೊದಲೇ ನಿಗದಿ, 3 ನೋ ಟ್ರಂಪ್. ಬಿಡ್ಡಿಂಗನ್ನು ಪಂದ್ಯದಿಂದ ಹೊರಗಿಟ್ಟಿದ್ದರು.